ಸ್ಥಾಲೀಪುಲಾಕ ನ್ಯಾಯವೂ ತರಗತಿಯ ಮೌಲ್ಯಮಾಪನವೂ

1

ಬೇಯುತ್ತಿರುವ ಅನ್ನದೊಳಗಿಂದ ಒಂದು ಅಗುಳನ್ನು ತೆಗೆದು, ಹಿಸುಕಿ ನೋಡಿ, ಇಡಿಯ ಮಡಕೆಯ ಪಾಕವನ್ನು ಊಹಿಸುವುದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರು. ಕಾವ್ಯದ ಗುಣವನ್ನು ತೋರಿಸಲು ಒಂದೆರಡು ಪದ್ಯಗಳನ್ನು ಎತ್ತಿಕೊಳ್ಳುವ ವಿಮರ್ಶಕರು ಈ ನ್ಯಾಯವನ್ನು ಮೇಲಿಂದ ಮೇಲೆ ಸ್ಮರಿಸುತ್ತಾರೆ. ಆದರೆ ಕಾವ್ಯಕ್ಕಿಂತಲೂ ಹೆಚ್ಚಾಗಿ ಅದು ಶಾಲೆಯ ತರಗತಿಗೆ ಸಲ್ಲತಕ್ಕ ನ್ಯಾಯವೆಂದು ನಮಗೆ ತೋರುತ್ತದೆ. ಬರೆದು ಮುಗಿದ ಕಾವ್ಯವು ಬೆಂದಾದ ಅನ್ನ. ಅದನ್ನು ಹಿಸುಕಿ ನೋಡಿದವನು ರುಚಿಯನ್ನು ಹೇಳಬಲ್ಲನೇ ಹೊರತು ಪಾಕವನ್ನು ತಿದ್ದಲಾರನು. ತರಗತಿಯಾದರೋ ಇನ್ನೂ ಒಲೆಯ ಮೇಲಿರುವ ಮಡಕೆ. ಉರಿಯನ್ನು ಹೆಚ್ಚಿಸಬೇಕೆ, ತಗ್ಗಿಸಬೇಕೆ, ಇನ್ನೊಂದು ಚೊಂಬು ನೀರನ್ನು ಸೇರಿಸಬೇಕೆ ಎಂಬುದನ್ನು ನಿರ್ಧರಿಸುವುದಕ್ಕಾಗಿಯೇ ಅಲ್ಲಿ ಅಗುಳನ್ನು ಹಿಸುಕಬೇಕಾಗಿದೆ.

ಕಲಿಕೆ ಮುಗಿದ ಮೇಲೆ ಅದರ ಒಟ್ಟು ಫಲವನ್ನು ಅಳೆಯುವುದನ್ನು ಇಂದಿನ ಶಿಕ್ಷಣಶಾಸ್ತ್ರವು ಸಂಕಲನಾತ್ಮಕ ಮೌಲ್ಯಮಾಪನವೆಂದೂ, ಕಲಿಕೆ ನಡೆಯುತ್ತಿರುವಾಗಲೇ ಅದನ್ನು ತಿದ್ದುವ ಸಲುವಾಗಿ ಪರೀಕ್ಷಿಸುವುದನ್ನು ರೂಪಣಾತ್ಮಕ ಮೌಲ್ಯಮಾಪನವೆಂದೂ ಕರೆಯುತ್ತದೆ. ಈ ಪದಗಳ ಜೋಡಿಯನ್ನು 1967ರಲ್ಲಿ ಬಳಕೆಗೆ ತಂದವರು ಮೈಕೆಲ್ ಸ್ಕ್ರಿವೆನ್. ಅವರ ಲಕ್ಷ್ಯವಿದ್ದುದು ಪಠ್ಯಕ್ರಮಗಳ ಮೌಲ್ಯಮಾಪನದ ಮೇಲೆ. ಅದನ್ನು ವಿದ್ಯಾರ್ಥಿಯ ಕಲಿಕೆಗೆ ಅನ್ವಯಿಸಿ ಬೆಳೆಸಿದವರು ಬೆಂಜಮಿನ್ ಬ್ಲೂಮ್. ಇದೇ ಬ್ಲೂಮ್ ಅವರು 1950ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದು ನಮ್ಮ ಪ್ರೌಢಶಾಲೆಗಳ ಪರೀಕ್ಷಾಸುಧಾರಣೆಯ ಕಾರ್ಯದಲ್ಲಿ ನೆರವಾದವರೆಂಬುದು ಇಲ್ಲಿ ಸ್ಮರಣೀಯ. ಎಂದರೆ ಈ ವಿಚಾರವು ನಮಗೆ ನಿನ್ನೆ ಮೊನ್ನೆಯ ಪರಿಚಯವಲ್ಲ. ಹೆಸರು ಬಂದಿದೆ, ಕಾಯಿದೆ ಬಂದಿದೆ, ನಮೂನೆಗಳೂ ಬಂದಿವೆ. ಇಷ್ಟಾದರೂ ವಸ್ತು ಬಂದಿದೆಯೇ ಎಂಬುದೇ ಈ ಲೇಖನದ ಪ್ರಶ್ನೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಉಚಿತ: ರೂಪಣಾತ್ಮಕ ಎಂಬ ವಿಶೇಷಣವು ಸೇರಬೇಕಾದುದು ಮರುದಿನದ ಪಾಠಕ್ಕೆ, ನಾವು ಅದನ್ನು ಪರೀಕ್ಷೆಯ ಹಾಳೆಗೆ ಅಂಟಿಸಿ ತೃಪ್ತರಾಗಿದ್ದೇವೆ.

2

ಚರ್ಚೆಗೆ ಒಂದು ನೆಲೆ ಬೇಕಾದುದರಿಂದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡವನ್ನು ಆರಿಸಿಕೊಳ್ಳೋಣ. ಮಾಲತೇಶನ ಕ್ಷೇತ್ರವೆಂದು ಪ್ರಸಿದ್ಧವಾದ ಈ ಊರಿನಲ್ಲಿ ದಸರೆಯ ಸಂದರ್ಭದಲ್ಲಿ ಪ್ರತಿವರ್ಷ ಕಾರಣಿಕವಾಗುತ್ತದೆ. ವ್ರತಸ್ಥನಾದ ಗೊರವಯ್ಯನು ನೆಟ್ಟ ಬಿಲ್ಲನ್ನೇರಿ ಒಂದೇ ಒಂದು ಕಿರುನುಡಿಯನ್ನಾಡಿ ಕೆಳಕ್ಕೆ ಧುಮುಕುತ್ತಾನೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಆ ನುಡಿಯನ್ನು ಕೇಳುತ್ತಾರೆ. ಆ ಮೇಲೆ ಅದರ ವ್ಯಾಖ್ಯಾನ ಆರಂಭವಾಗುತ್ತದೆ. ಒಕ್ಕಲಿಗನು ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ವ್ಯಾಪಾರಿಯು ಧಾರಣೆಯನ್ನು ಕಾಣುತ್ತಾನೆ, ರಾಜಕಾರಣಿಯು ಅಧಿಕಾರದ ಏರಿಳಿತವನ್ನು ಕಾಣುತ್ತಾನೆ. ನುಡಿ ಚಿಕ್ಕದಾದಷ್ಟೂ ವ್ಯಾಖ್ಯಾನಕ್ಕೆ ಎಡೆ ಹೆಚ್ಚು.

ಈ ಆಚರಣೆಯ ಶ್ರದ್ಧೆಯನ್ನು ಪರೀಕ್ಷಿಸುವುದು ನಮ್ಮ ವಿಷಯವಲ್ಲ. ನಮ್ಮ ಶಾಲೆಗಳ ಅಂಕವೂ ಇಂಥದೇ ಒಂದು ಕಿರುನುಡಿ ಎಂಬುದನ್ನು ಮಾತ್ರ ವಾಚಕರ ಗಮನಕ್ಕೆ ತರಬಯಸುತ್ತೇವೆ. ಗಣಿತದಲ್ಲಿ 25ಕ್ಕೆ 11 ಎಂದು ಪ್ರಗತಿಪತ್ರವು ನುಡಿಯುತ್ತದೆ. ತಂದೆ ಅದನ್ನು ಮಗನ ಸೋಮಾರಿತನವೆಂದು ಓದುತ್ತಾನೆ. ಉಪಾಧ್ಯಾಯರು ಮನೆಯವರ ಅಲಕ್ಷ್ಯವೆಂದು ಓದುತ್ತಾರೆ. ಇಲಾಖೆಯು ಉಪಾಧ್ಯಾಯರ ಲೋಪವೆಂದು ಓದುತ್ತದೆ. ಬಾಲಕನು ತನ್ನ ದಡ್ಡತನವೆಂದು ಓದಿ ಸುಮ್ಮನಾಗುತ್ತಾನೆ. ಯಾವ ಲೆಕ್ಕವು ಏಕೆ ತಪ್ಪಿತೆಂಬುದನ್ನು ಆ ಹನ್ನೊಂದು ಹೇಳುವುದಿಲ್ಲ. ಇನ್ನೊಂದು ಭೇದವೂ ಉಂಟು. ಕಾರಣಿಕವು ಮುಂಬರುವ ಕಾಲವನ್ನು ಕುರಿತ ನುಡಿ; ಅದನ್ನು ಕೇಳಿದವನಿಗೆ ಎಚ್ಚರವಹಿಸಲು ಅವಕಾಶವಾದರೂ ಇರುತ್ತದೆ. ಅಂಕವು ಕಳೆದುಹೋದ ತಿಂಗಳನ್ನು ಕುರಿತ ನುಡಿ. ಅದು ಪತ್ರದ ಮೇಲೆ ಮೂಡುವ ವೇಳೆಗೆ ಪಾಠವು ಮುಂದೆ ಸಾಗಿರುತ್ತದೆ.

ಇದೇ ಸೀಮೆಯ ಒಕ್ಕಲುತನವು ನಮಗೆ ಮತ್ತೊಂದು ದೃಷ್ಟಾಂತವನ್ನು ಒದಗಿಸುತ್ತದೆ. ಪಕ್ಕದ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ಡಬ್ಬಿ, ಕಡ್ಡಿ ಎಂದು ವಿಂಗಡಿಸಿ, ಬಣ್ಣವನ್ನೂ ಒಣಗಿದ ಹದವನ್ನೂ ನೋಡಿ ಬೆಲೆ ಕಟ್ಟುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಆ ಕಾಯಿಯ ಕೀರ್ತಿಯೆಲ್ಲ ಅದರ ಬಣ್ಣವನ್ನು ಅವಲಂಬಿಸಿದೆ. ಬೆಲೆ ಕಟ್ಟುವ ಈ ಕಾರ್ಯ ನ್ಯಾಯವಾದುದೇ, ಅವಶ್ಯವಾದುದೇ. ಆದರೆ ಅಲ್ಲಿ ಚೀಲದಿಂದ ಸುರಿದ ಕಾಯಿಗೆ ಇನ್ನು ಯಾವ ಔಷಧವೂ ತಗಲದು. ಬೆಳೆಗಾರನ ನಿಜವಾದ ಪರೀಕ್ಷಣ ನಡೆದಿರುವುದು ಹೊಲದಲ್ಲಿ. ಗಿಡದ ಎಲೆ ಮುದುಡಿದೊಡನೆ ಮುಟುರು ರೋಗವೆಂದು ಎಲ್ಲರೂ ಹೇಳುತ್ತಾರೆ. ಬಲ್ಲ ಬೆಳೆಗಾರನು ಅಷ್ಟಕ್ಕೆ ನಿಲ್ಲದೆ, ಎಲೆಯ ಅಂಚು ಮೇಲ್ಮುಖವಾಗಿ ಮುದುಡಿದೆಯೋ ಕೆಳಮುಖವಾಗಿ ಮುದುಡಿದೆಯೋ ಎಂದು ತಿರುವಿ ನೋಡುತ್ತಾನೆ. ಮೇಲ್ಮುಖವಾಗಿದ್ದರೆ ಥ್ರಿಪ್ಸ್ ನುಸಿಯ ಕಾಟ. ಕೆಳಮುಖವಾಗಿದ್ದರೆ ಮೈಟ್ ನುಸಿಯ ಕಾಟ. ಹೆಸರು ಒಂದೇ, ಕೀಟ ಬೇರೆ, ಔಷಧವೂ ಬೇರೆ. ಮುದುಡಿದ ಎಲೆಗಳನ್ನು ಎಣಿಸಿ ಶೇಕಡಾವಾರು ಬರೆದಿಡುವ ಬೆಳೆಗಾರನು ದಾಖಲೆಯನ್ನು ಪಡೆಯುತ್ತಾನೆ, ಬೆಳೆಯನ್ನು ಕಳೆದುಕೊಳ್ಳುತ್ತಾನೆ.

3

ಈಗ ತರಗತಿಗೆ ಬರೋಣ. ದೇವರಗುಡ್ಡದಂತಹ ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ತರಗತಿಯ ಮಕ್ಕಳಿಗೆ 52ರಲ್ಲಿ 27ನ್ನು ಕಳೆಯಿರಿ ಎಂಬ ಲೆಕ್ಕವನ್ನು ಕೊಟ್ಟರೆಂದು ಭಾವಿಸೋಣ. ಸರಿಯಾದ ಉತ್ತರ 25. ಒಬ್ಬ ಬಾಲಕನೂ ಒಬ್ಬ ಬಾಲಕಿಯೂ 35 ಎಂದು ಬರೆದಿದ್ದಾರೆ. ಉಪಾಧ್ಯಾಯರು ಎರಡನ್ನೂ ತಪ್ಪೆಂದು ಗುರುತಿಸಿ, ಇಬ್ಬರಿಗೂ ಸೊನ್ನೆಯನ್ನಿತ್ತು, ಇಬ್ಬರನ್ನೂ ಪರಿಹಾರ ಬೋಧನೆಯ ಒಂದೇ ಗುಂಪಿಗೆ ಸೇರಿಸುತ್ತಾರೆ.

ಆದರೆ ಆ ಬಾಲಕನು ಮಾಡಿದುದು ಇಷ್ಟು: ಬಿಡಿಸ್ಥಾನದಲ್ಲಿ ಎರಡರಿಂದ ಏಳು ಹೋಗದೆಂದು ಕಂಡು, ಏಳರಿಂದಲೇ ಎರಡನ್ನು ಕಳೆದು ಐದನ್ನು ಬರೆದನು, ಹತ್ತರ ಸ್ಥಾನದಲ್ಲಿ ಐದರಿಂದ ಎರಡು ಕಳೆದು ಮೂರನ್ನು ಬರೆದನು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ, ತನಗೆ ಹಿಂದೆ ಹೇಳಿಕೊಟ್ಟ ಮಾತನ್ನೇ ಅವನು ಪ್ರಾಮಾಣಿಕವಾಗಿ ಪಾಲಿಸಿದ್ದಾನೆ. ಬಾಲಕಿಯು ಮಾಡಿದುದು ಬೇರೆ: ಅವಳು ಹತ್ತರ ಸ್ಥಾನದಿಂದ ಒಂದು ಹತ್ತನ್ನು ತಂದು ಎರಡನ್ನು ಹನ್ನೆರಡು ಮಾಡಿ, ಏಳನ್ನು ಕಳೆದು ಐದನ್ನು ಸರಿಯಾಗಿಯೇ ಬರೆದಳು; ಆದರೆ ತಂದ ಹತ್ತನ್ನು ಮೂಲಸ್ಥಾನದಲ್ಲಿ ಕಡಮೆ ಮಾಡಲು ಮರೆತು, ಐದರಿಂದ ಎರಡು ಕಳೆದು ಮೂರನ್ನು ಬರೆದಳು. ಉತ್ತರ ಒಂದೇ ಆಯಿತು, ಅಜ್ಞಾನ ಒಂದೇ ಆಗಲಿಲ್ಲ. ಬಾಲಕನಿಗೆ ಸ್ಥಾನಬೆಲೆಯ ಕಲ್ಪನೆಯೇ ಇನ್ನೂ ಮೂಡಬೇಕಾಗಿದೆ. ಬಾಲಕಿಗೆ ಕಲ್ಪನೆ ಮೂಡಿದೆ. ಸಾಲದ ಲೆಕ್ಕವನ್ನು ಇಡುವ ಅಭ್ಯಾಸವಿಲ್ಲ.

ಇಲ್ಲಿ ವಿಮರ್ಶಿಸಬೇಕಾದುದು ಮಕ್ಕಳ ಉತ್ತರವನ್ನಷ್ಟೇ ಅಲ್ಲ, ಪ್ರಶ್ನೆಯನ್ನೂ ಸಹ. ಎರಡಕ್ಕೂ ಏಳಕ್ಕೂ ಇರುವ ಅಂತರ ಐದು. ಹತ್ತರಿಂದ ಐದನ್ನು ಕಳೆದರೂ ಐದೇ. ಆದಕಾರಣ ಬಿಡಿಸ್ಥಾನದ ಅಂಕಿಗಳ ಅಂತರ ಐದಾಗಿರುವ ಯಾವ ಲೆಕ್ಕದಲ್ಲಿಯೂ ಈ ಎರಡು ದೋಷಗಳು ಒಂದೇ ಮುಖವಾಡವನ್ನು ಧರಿಸುತ್ತವೆ. 63ರಲ್ಲಿ 28, 41ರಲ್ಲಿ 16 ಇವೂ ಹಾಗೆಯೇ. ಅದೇ ಲೆಕ್ಕವನ್ನು 51ರಲ್ಲಿ 27 ಎಂದು ಒಂದಂಕಿಯಷ್ಟು ಬದಲಿಸಿದರೆ ಮುಖವಾಡ ಕಳಚುತ್ತದೆ. ಬಾಲಕನು 36 ಎಂದು ಬರೆಯುವನು, ಬಾಲಕಿಯು 34 ಎಂದು ಬರೆಯುವಳು, ಸರಿಯಾದ ಉತ್ತರ 24. ಅಂಕ ಕೊಡುವುದಷ್ಟೇ ಉದ್ದೇಶವಾದರೆ ಎರಡು ಪ್ರಶ್ನೆಗಳೂ ಸಮಾನ. ನಾಳೆ ಏನನ್ನು ಕಲಿಸಬೇಕೆಂದು ತಿಳಿಯುವುದು ಉದ್ದೇಶವಾದರೆ ಎರಡನೆಯದು ಮಾತ್ರ ಪ್ರಶ್ನೆಯೆನ್ನಿಸಿಕೊಳ್ಳಲು ತಕ್ಕುದು.

ತಿಳಿದ ಮೇಲೆ ಮಾಡಬೇಕಾದುದು ಕಷ್ಟವಾದುದೇನಲ್ಲ. ಬಾಲಕನ ಕೈಗೆ ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಒಂದು ಬಿಡಿ ಕಡ್ಡಿಯನ್ನೂ ಕೊಟ್ಟು, ಇಪ್ಪತ್ತೇಳನ್ನು ಎತ್ತಿಕೊಡೆನ್ನಬೇಕು. ಒಂದು ಕಟ್ಟನ್ನು ಬಿಚ್ಚದೆ ಅದು ಸಾಧ್ಯವಿಲ್ಲವೆಂಬುದನ್ನು ಅವನ ಬೆರಳುಗಳೇ ಅವನಿಗೆ ತಿಳಿಸುತ್ತವೆ. ಬಾಲಕಿಗೆ ಕಟ್ಟುಗಳ ಅವಶ್ಯಕತೆಯಿಲ್ಲ. ಹತ್ತು ರೂಪಾಯಿಯ ಐದು ನೋಟುಗಳಲ್ಲಿ ಒಂದನ್ನು ಚಿಲ್ಲರೆ ಮಾಡಿಸಿದ ಮೇಲೆ ಕೈಯಲ್ಲಿ ಎಷ್ಟು ನೋಟು ಉಳಿದವೆಂದು ಕೇಳಿದರೆ ಸಾಕು. ಇಬ್ಬರಿಗೂ ಕಟ್ಟುಗಳನ್ನೇ ಕೊಟ್ಟರೆ ಬಾಲಕಿಗೆ ಬೇಸರ. ಇಬ್ಬರಿಗೂ ನೋಟುಗಳನ್ನೇ ತೋರಿಸಿದರೆ ಬಾಲಕನಿಗೆ ಗೊಂದಲ. ಸ್ಥಾಲೀಪುಲಾಕ ನ್ಯಾಯದ ಮಿತಿಯೂ ಇಲ್ಲಿ ವ್ಯಕ್ತವಾಗುತ್ತದೆ. ಒಂದೇ ಮಡಕೆಯಲ್ಲಿ ಒಂದೇ ಉರಿಯಲ್ಲಿ ಬೇಯುವ ಅಗುಳುಗಳಿಗೆ ಒಂದು ಅಗುಳು ಸಾಕ್ಷಿಯಾದೀತು. ಮಕ್ಕಳು ಒಂದೇ ತರಗತಿಯಲ್ಲಿ ಕುಳಿತಿದ್ದರೂ ಒಂದೇ ಉರಿಯಲ್ಲಿ ಬೆಂದವರಲ್ಲ. ಮುಂದಿನ ಸಾಲಿನ ಚುರುಕಾದ ಹುಡುಗನೊಬ್ಬನನ್ನು ಪ್ರಶ್ನಿಸಿ, ಎಲ್ಲರಿಗೂ ತಿಳಿಯಿತೆಂದು ಪಾಠವನ್ನು ಮುಂದೊಯ್ಯುವ ನಮ್ಮ ಸಾಮಾನ್ಯ ಪದ್ಧತಿ ಈ ನ್ಯಾಯದ ದುರುಪಯೋಗವೇ ಸರಿ.

ಭಾಷೆಯ ಪಾಠದಿಂದಲೂ ಒಂದು ಉದಾಹರಣೆಯನ್ನು ಕೊಡಬಹುದು. ಈ ಭಾಗದ ವಿದ್ಯಾರ್ಥಿಯು ತನ್ನ ಬರವಣಿಗೆಯಲ್ಲಿ ‘ಅವನು ಊರಿಗೆ ಹೋಗ್ಯಾನ’, ‘ಅವಳು ಊರಿಗೆ ಹೋಗ್ಯಾಳ’, ‘ಬಸ್ಸು ಹೋಗೈತಿ’ ಎಂದು ಬರೆದರೆ ಕೆಂಪು ಮಸಿಯು ಮೂರು ತಪ್ಪುಗಳನ್ನು ಎಣಿಸುತ್ತದೆ. ವಾಸ್ತವದಲ್ಲಿ ಅಲ್ಲಿರುವುದು ತಪ್ಪುಗಳ ರಾಶಿಯಲ್ಲ, ಒಂದು ನಿಯಮ. ‘ಹೋಗಿದ್ದಾನೆ, ಹೋಗಿದ್ದಾಳೆ, ಹೋಗಿದೆ’ ಎಂಬ ಗ್ರಂಥಭಾಷೆಯ ರೂಪಗಳಿಗೆ ಮನೆಮಾತಿನ ರೂಪಗಳನ್ನು ಅವನು ಎಲ್ಲಿಯೂ ಎಡವದೆ ಸರಿಹೊಂದಿಸಿದ್ದಾನೆ. ಇದನ್ನು ಕಂಡ ಉಪಾಧ್ಯಾಯರು ಮರುದಿನ ಹಲಗೆಯ ಮೇಲೆ ಎರಡು ಸಾಲುಗಳನ್ನು ಎದುರುಬದುರಾಗಿ ಬರೆದು ಎರಡರ ಸಂಬಂಧವನ್ನು ತೋರಿಸಿದರೆ ಅರ್ಧ ಗಂಟೆಯಲ್ಲಿ ನೂರು ರೂಪಗಳು ಕೈವಶವಾಗುತ್ತವೆ. ಮೂರು ಅಂಕಗಳನ್ನು ಕಳೆದರೆ ಅವನು ಕಲಿಯುವುದು ಒಂದನ್ನೇ: ತನ್ನ ತಾಯಿಯ ಮಾತು ತಪ್ಪು ಎಂಬುದನ್ನು. ಈ ವಿಷಯದಲ್ಲಿ ನಾವು ಉದಾಸೀನರಾಗಿರುವುದು ಸಲ್ಲದು.

4

ಹಾಗಾದರೆ ಬಿಡುವಿಲ್ಲದೆ ಪರೀಕ್ಷಿಸುತ್ತಿದ್ದರೆ ಸಾಕೇ? ಸಾಲದು; ನಿರಂತರವಾದುದೆಲ್ಲ ರೂಪಣಾತ್ಮಕವಲ್ಲವೆಂಬುದಕ್ಕೆ ನಮ್ಮ ಹಳೆಯ ಶಾಲೆಗಳೇ ಸಾಕ್ಷಿ. ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯ ದೇಶೀ ಶಾಲೆಗಳನ್ನು ಕುರಿತು ಅಲ್ಲಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಒಂದು ವರದಿಯನ್ನು ಬರೆದನು. ಬೆರಳಿನಿಂದ ಮರಳಿನಲ್ಲಿ ಬರೆಯುವ ಅಭ್ಯಾಸವನ್ನೂ, ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುವ ಮಿತವ್ಯಯದ ಏರ್ಪಾಟನ್ನೂ ಅವನು ಮೆಚ್ಚಿ ಬಣ್ಣಿಸಿದ್ದಾನೆ. ಆ ಶಾಲೆಗಳಲ್ಲಿ ಗುರುವು ದಿನವೂ ಹುಡುಗರಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದನು. ಅದಕ್ಕಿಂತ ನಿರಂತರವಾದ ಮೌಲ್ಯಮಾಪನ ಇನ್ನಾವುದು? ಆದರೆ ಮಕ್ಕಳು ಆಡುಮಾತಿಗಿಂತ ಭಿನ್ನವಾದ ಭಾಷೆಯ ಪದ್ಯಗಳನ್ನು ಅರ್ಥವರಿಯದೆ ಉರುಹೊಡೆಯುತ್ತಿದ್ದರೆಂದು ಅದೇ ವರದಿ ಆಕ್ಷೇಪಿಸುತ್ತದೆ. ಒಪ್ಪಿಸಿಕೊಂಡದ್ದು ಪಾಠವನ್ನು, ತಿಳಿವಳಿಕೆಯನ್ನಲ್ಲ. ಪರೀಕ್ಷೆ ಎಷ್ಟು ಸಲ ನಡೆಯಿತೆಂಬುದರಿಂದ ಅದರ ಗುಣ ತಿಳಿಯದು. ಅದು ಯಾವುದನ್ನು ಹುಡುಕಿತು, ಕಂಡುದರಿಂದ ಬೋಧನೆ ಹೇಗೆ ಬದಲಾಯಿತು ಎಂಬುದರಿಂದ ತಿಳಿಯುತ್ತದೆ.

ಈಚಿನ ಸಂಶೋಧನೆಗಳೂ ಈ ಮಾತನ್ನೇ ಪುಷ್ಟೀಕರಿಸುತ್ತವೆ. 1998ರಲ್ಲಿ ಪಾಲ್ ಬ್ಲ್ಯಾಕ್ ಮತ್ತು ಡೈಲನ್ ವಿಲಿಯಂ ಅವರು ಅದುವರೆಗಿನ ಅಧ್ಯಯನಗಳನ್ನು ಸಮೀಕ್ಷಿಸಿ, ತರಗತಿಯ ಮೌಲ್ಯಮಾಪನವು ಬೋಧನೆಯನ್ನು ತಿದ್ದಲು ಬಳಕೆಯಾದಾಗ ಕಲಿಕೆ ಗಣನೀಯವಾಗಿ ಹೆಚ್ಚುವುದೆಂದು ಪ್ರತಿಪಾದಿಸಿದರು. ಜಗತ್ತಿನ ಶಿಕ್ಷಣ ಇಲಾಖೆಗಳು ಈ ವಾಕ್ಯದ ಪೂರ್ವಾರ್ಧವನ್ನು ಹಿಡಿದುಕೊಂಡು ಉತ್ತರಾರ್ಧವನ್ನು ಕೈಬಿಟ್ಟವು. ಅವರು ಸಮೀಕ್ಷಿಸಿದ ಅಧ್ಯಯನಗಳು ಒಂದೇ ಜಾತಿಯವಲ್ಲವೆಂದೂ, ಲಾಭದ ಪ್ರಮಾಣವನ್ನು ಒಂದೇ ಅಂಕಿಯಲ್ಲಿ ಹೇಳುವುದು ಸಾಹಸವೆಂದೂ ಆ ಮೇಲೆ ಆಕ್ಷೇಪಗಳು ಬಂದಿವೆ. ಅವು ಯುಕ್ತವಾಗಿಯೇ ಇವೆ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಅವರು ಹಿಮ್ಮಾಹಿತಿಯನ್ನು ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ಲಾಭ ಕಂಡುಬಂದರೂ ಮೂರನೆಯ ಒಂದಂಶಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಹಿಮ್ಮಾಹಿತಿಯಿಂದ ಸಾಧನೆ ಕುಗ್ಗಿದ್ದುದೇ ಕಂಡುಬಂದಿತು. ಕೆಲಸವನ್ನು ಬಿಟ್ಟು ಕೆಲಸ ಮಾಡಿದವನ ಯೋಗ್ಯತೆಯ ಕಡೆಗೆ ಗಮನವನ್ನು ತಿರುಗಿಸುವ ಮಾತು ಹಾನಿಕರವೆಂಬುದು ಅವರ ವಿವರಣೆ. 1988ರಲ್ಲಿ ರೂತ್ ಬಟ್ಲರ್ ಅವರು ಕೆಲವು ವಿದ್ಯಾರ್ಥಿಗಳಿಗೆ ಕೇವಲ ಅಂಕವನ್ನೂ, ಕೆಲವರಿಗೆ ಕೇವಲ ಟಿಪ್ಪಣಿಯನ್ನೂ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಟಿಪ್ಪಣಿಯನ್ನು ಮಾತ್ರ ಪಡೆದವರು ಮುಂದುವರಿದರು. ಎರಡನ್ನೂ ಪಡೆದವರು ಅಂಕವನ್ನು ಮಾತ್ರ ಪಡೆದವರಂತೆಯೇ ನಿಂತಲ್ಲಿ ನಿಂತರು. ಅಂಕವನ್ನು ಕಂಡ ಕಣ್ಣು ಟಿಪ್ಪಣಿಯನ್ನು ಓದುವುದಿಲ್ಲವೆಂದು ಇದರಿಂದ ಊಹಿಸಬಹುದು.

ನಮ್ಮ ದೇಶದ ಎರಡು ಅಧ್ಯಯನಗಳು ಇನ್ನೂ ವಿಚಾರಾರ್ಹವಾಗಿವೆ. ಅಂದಿನ ಅವಿಭಜಿತ ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳಿಗೆ ನೈದಾನಿಕ ಪರೀಕ್ಷೆಗಳನ್ನು ನಡೆಸಿ, ಅದರ ವಿವರವಾದ ವರದಿಯನ್ನು ಉಪಾಧ್ಯಾಯರ ಕೈಗೆ ಕೊಡಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು 2010ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ವೀಕ್ಷಕರು ಕುಳಿತಿದ್ದಾಗ ಆ ಉಪಾಧ್ಯಾಯರು ಹೆಚ್ಚು ಶ್ರಮಿಸಿದರು. ಮಕ್ಕಳ ಕಲಿಕೆ ಮಾತ್ರ ಇತರ ಶಾಲೆಗಳಿಗಿಂತ ಹೆಚ್ಚಲಿಲ್ಲ. ಹರಿಯಾಣದಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನೂ, ಮಕ್ಕಳನ್ನು ಅವರವರ ಕಲಿಕೆಯ ಮಟ್ಟಕ್ಕನುಸಾರವಾಗಿ ಗುಂಪು ಮಾಡಿ ಕಲಿಸುವ ಇನ್ನೊಂದು ಯೋಜನೆಯನ್ನೂ ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಒಟ್ಟಿಗೆ ಪರೀಕ್ಷಿಸಿದರು. ಮೊದಲನೆಯದರಿಂದ ಅಂಕಗಳಲ್ಲಿ ಗಮನಾರ್ಹವಾದ ಯಾವ ಪರಿಣಾಮವೂ ಕಂಡುಬರಲಿಲ್ಲ. ಎರಡನೆಯದರಿಂದ ಮಕ್ಕಳ ಹಿಂದಿಯ ಮೂಲ ಸಾಮರ್ಥ್ಯ ಸ್ಪಷ್ಟವಾಗಿ ಹೆಚ್ಚಿತು. ಈ ಎರಡನೆಯ ಯೋಜನೆಯಲ್ಲಿಯೂ ಮೌಲ್ಯಮಾಪನವಿತ್ತೆಂಬುದನ್ನು ಮರೆಯಬಾರದು. ಮಟ್ಟವನ್ನರಿಯದೆ ಗುಂಪು ಮಾಡುವುದು ಹೇಗೆ? ವ್ಯತ್ಯಾಸವಿಷ್ಟೆ: ಅಲ್ಲಿ ತಿಳಿದುದಕ್ಕೆ ತಕ್ಕ ಪಾಠವೂ, ಆ ಪಾಠಕ್ಕೆ ಮೀಸಲಾದ ವೇಳೆಯೂ ಇದ್ದವು. ಆಂಧ್ರದಲ್ಲಿ ವರದಿ ಇತ್ತು, ಅದನ್ನು ಬಳಸುವ ಏರ್ಪಾಡು ಇರಲಿಲ್ಲ.

5

ಈ ಹಿನ್ನೆಲೆಯಲ್ಲಿ ಕರ್ನಾಟಕದ ಪದ್ಧತಿಯನ್ನು ನೋಡಿದರೆ ಅದರ ಗುಣದೋಷಗಳು ತಾವಾಗಿ ಸ್ಪಷ್ಟವಾಗುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ತನ್ನ 29ನೆಯ ಪ್ರಕರಣದಲ್ಲಿ ಮಗುವಿನ ತಿಳಿವಳಿಕೆಯ ಮತ್ತು ಅದನ್ನು ಅನ್ವಯಿಸುವ ಸಾಮರ್ಥ್ಯದ ವ್ಯಾಪಕ ಹಾಗೂ ನಿರಂತರ ಮೌಲ್ಯಮಾಪನವನ್ನು ವಿಧಿಸಿತು. 30ನೆಯ ಪ್ರಕರಣದಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಂಡಳಿ ಪರೀಕ್ಷೆ ಕೂಡದೆಂದಿತು. ಇದರನ್ವಯ ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ರೂಢಿಗೆ ಬಂದವು. ಆಶಯ ಶ್ಲಾಘ್ಯವಾದುದು. ಆದರೆ ‘ನಾಲ್ಕು’ ಎಂಬ ಆ ಸಂಖ್ಯೆಯೇ ಆಶಯವನ್ನು ಭಗ್ನಗೊಳಿಸಿತೆಂದು ನಮ್ಮ ಅಭಿಪ್ರಾಯ. ಒಲೆಯ ಮುಂದೆ ಕುಳಿತವರು ಅಗುಳನ್ನು ವರ್ಷಕ್ಕೆ ನಾಲ್ಕು ಸಲ ಎಂದು ಗೊತ್ತುಮಾಡಿ ಹಿಸುಕುವುದಿಲ್ಲ. ದಿನ ನಿಗದಿಯಾದೊಡನೆ ಅದಕ್ಕೆ ವೇಳಾಪಟ್ಟಿ ಬಂತು, ವೇಳಾಪಟ್ಟಿ ಬಂದೊಡನೆ ಪ್ರಶ್ನಪತ್ರಿಕೆ ಬಂತು, ಪ್ರಶ್ನಪತ್ರಿಕೆ ಬಂದೊಡನೆ ಅಂಕ ಬಂತು, ಅಂಕವನ್ನು ಗಣಕಯಂತ್ರದಲ್ಲಿ ತುಂಬುವ ಕೊನೆಯ ದಿನಾಂಕವೂ ಬಂತು. ಹೀಗೆ ರೂಪಣಾತ್ಮಕವೆಂಬುದು ಸಣ್ಣ ಪ್ರಮಾಣದ ಸಂಕಲನಾತ್ಮಕವಾಗಿ ಪರಿಣಮಿಸಿತು. ತುಂಬಬೇಕಾದ ಮನೆಗಳಲ್ಲಿ ಅಂಕಕ್ಕೆ ಸ್ಥಾನವಿದೆ. ‘ಮುಂದಿನ ಪಾಠದಲ್ಲಿ ಏನನ್ನು ಬದಲಿಸಿದಿರಿ’ ಎಂಬುದಕ್ಕೆ ಅಂತಹ ಸ್ಥಾನವಿಲ್ಲ.

ಪ್ರೌಢಶಾಲೆಯ ಹಂತದಲ್ಲಿ ತೊಡಕು ಇನ್ನೂ ಹೆಚ್ಚು. ಹತ್ತನೆಯ ತರಗತಿಯಲ್ಲಿ 100 ಅಂಕಗಳ ವಿಷಯದಲ್ಲಿ 20, ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಅಂತಿಮ ಫಲಿತಾಂಶಕ್ಕೆ ಕೂಡತಕ್ಕ ಅಂಕವು ಪ್ರಾಮಾಣಿಕವಾಗಿ ದೋಷವನ್ನು ತೋರಿಸಲಾರದು. ತನ್ನ ವಿದ್ಯಾರ್ಥಿಗೆ ಕೆಡುಕನ್ನು ಬಯಸದ ಉಪಾಧ್ಯಾಯರ ಕೈ ಸಹಜವಾಗಿಯೇ ಉದಾರವಾಗುತ್ತದೆ. ವಿದ್ಯಾರ್ಥಿಯೂ ತನಗೆ ತಿಳಿಯದುದನ್ನು ಮುಚ್ಚಿಡಲು ಕಲಿಯುತ್ತಾನೆ. ವೈದ್ಯನ ಮುಂದೆ ರೋಗವನ್ನು ಹೇಳಿದರೆ ದಂಡವೆಂದು ನಿಯಮಿಸಿ, ರೋಗಿಗಳು ಸತ್ಯವನ್ನು ಹೇಳುತ್ತಿಲ್ಲವೆಂದು ದೂರುವುದು ಯಾವ ನ್ಯಾಯ? ಇದರ ಪ್ರತಿಕ್ರಿಯೆಯೆಂಬಂತೆ ಸರಕಾರವು 2023ರಲ್ಲಿ 5 ಮತ್ತು 8ನೆಯ ತರಗತಿಗಳಿಗೆ, 2024ರಲ್ಲಿ 5, 8, 9 ಮತ್ತು 11ನೆಯ ತರಗತಿಗಳಿಗೆ ಮಂಡಳಿಯ ಮೂಲಕ ಪರೀಕ್ಷೆಯನ್ನು ನಡೆಸಲು ಹೊರಟಿತು. ಎರಡು ವರ್ಷಗಳಲ್ಲಿಯೂ ವ್ಯಾಜ್ಯ ಉಚ್ಚ ನ್ಯಾಯಾಲಯದ ಮೆಟ್ಟಲನ್ನೇರಿತು. 2024ರ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಪರೀಕ್ಷೆಗಳನ್ನು ಎತ್ತಿಹಿಡಿದಿದ್ದ ವಿಭಾಗೀಯ ಪೀಠದ ತೀರ್ಪಿಗೆ ತಡೆ ನೀಡಿತು. ಕಾನೂನಿನ ಪ್ರಶ್ನೆಯನ್ನು ಬಲ್ಲವರಿಗೆ ಬಿಡೋಣ. ಪರೀಕ್ಷೆ ಬೇಕೆಂದವರೂ ಬೇಡವೆಂದವರೂ ವರ್ಷದ ಕೊನೆಯ ಬಿಲ್ಲಿನ ಮೇಲೆಯೇ ದೃಷ್ಟಿಯನ್ನು ನೆಟ್ಟಿದ್ದರೇ ಹೊರತು, ಜುಲೈ ತಿಂಗಳ ಒಂದು ಮಂಗಳವಾರದ ಗಣಿತದ ಪಾಠವನ್ನು ಯಾರೂ ಕೇಳಲಿಲ್ಲವೆಂಬುದು ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಖೇದದ ಸಂಗತಿ.

ನಮ್ಮಲ್ಲಿ ಒಳ್ಳೆಯ ಮಾದರಿಯೇ ಇಲ್ಲವೆಂದು ಇದರಿಂದ ಭಾವಿಸಬಾರದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಉಪಾಧ್ಯಾಯರು ರಿಷಿವ್ಯಾಲಿಯ ಪ್ರಯೋಗವನ್ನು ಕಂಡು ಬಂದು ಆರಂಭಿಸಿದ ನಲಿಕಲಿ ಪದ್ಧತಿಯಲ್ಲಿ ಮೌಲ್ಯಮಾಪನವು ಕಲಿಕೆಯ ಏಣಿಯೊಳಗೇ ಒಂದು ಮೆಟ್ಟಲು. ಮಗುವು ತನ್ನ ಮೆಟ್ಟಲಿನ ಕಾರ್ಡನ್ನು ಹಿಡಿದು ತನ್ನ ಗುಂಪಿಗೆ ಹೋಗುತ್ತದೆ. ಉಪಾಧ್ಯಾಯರ ಪೂರ್ಣ ಸಹಾಯ ಬೇಕಾದವರು ಒಂದೆಡೆ, ಜೊತೆಯವರ ಸಹಾಯ ಸಾಕಾದವರು ಇನ್ನೊಂದೆಡೆ, ತಾವೇ ಕಲಿಯಬಲ್ಲವರು ಮತ್ತೊಂದೆಡೆ ಕುಳಿತುಕೊಳ್ಳುತ್ತಾರೆ. ಎಂದರೆ ಪರೀಕ್ಷೆಯ ಫಲವು ಅಂಕವಾಗಿ ಉಳಿಯದೆ ಮಗು ಇಂದು ಎಲ್ಲಿ ಕುಳಿತು ಏನು ಮಾಡಬೇಕೆಂಬ ನಿರ್ಣಯವಾಗುತ್ತದೆ. ಇದೇ ರೂಪಣಾತ್ಮಕದ ಸಾರ. ಆದರೂ ಇಲ್ಲಿಯೂ ಒಂದು ಎಚ್ಚರ ಅವಶ್ಯ. ಮೆಟ್ಟಲನ್ನು ದಾಟಿದ ಗುರುತನ್ನು ಪಟದಲ್ಲಿ ತುಂಬುವುದೇ ಮುಖ್ಯವಾದರೆ ಮಗು ಏಣಿಯನ್ನೇರುತ್ತದೆ, ತಿಳಿವಳಿಕೆ ಕೆಳಗೆ ನಿಲ್ಲುತ್ತದೆ. ಅಲ್ಲದೆ ಕೆಳತರಗತಿಗಳನ್ನು ದಾಟಿದೊಡನೆ ಈ ಪದ್ಧತಿ ಕೊನೆಗೊಂಡು, ಮಗುವು ಏಕಾಏಕಿ ಒಂದೇ ಪುಸ್ತಕದ ಒಂದೇ ಪುಟಕ್ಕೆ ಎಲ್ಲರೊಡನೆ ಬರಬೇಕಾಗುತ್ತದೆ.

6

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳು ಮುಖ್ಯವಾಗಿ ಎರಡು. ಮಕ್ಕಳ ಸಂಖ್ಯೆ ಹೆಚ್ಚು, ಒಬ್ಬೊಬ್ಬರ ದೋಷವನ್ನು ಹುಡುಕಲು ವೇಳೆಯೆಲ್ಲಿದೆ ಎಂಬುದು ಮೊದಲನೆಯದು. ಆದರೆ ದೋಷಗಳು ಮಕ್ಕಳಷ್ಟು ಬಹುಸಂಖ್ಯಾಕವಲ್ಲ. ನಲವತ್ತು ಮಕ್ಕಳು ನಲವತ್ತು ಬಗೆಯಲ್ಲಿ ತಪ್ಪುವುದಿಲ್ಲ. ಚೆನ್ನಾಗಿ ಆರಿಸಿದ ಒಂದು ಪ್ರಶ್ನೆಗೆ ಬಂದ ಉತ್ತರಗಳನ್ನು ಮೂರೋ ನಾಲ್ಕೋ ಗುಡ್ಡೆಗಳಾಗಿ ವಿಂಗಡಿಸಬಹುದು. 51ರಲ್ಲಿ 27ರ ಲೆಕ್ಕವನ್ನು ಪಾಠದ ಕೊನೆಯ ಐದು ನಿಮಿಷಗಳಲ್ಲಿ ತುಂಡು ಕಾಗದದ ಮೇಲೆ ಮಾಡಿಸಿ, 24, 36, 34, ಇತರ ಎಂದು ನಾಲ್ಕು ಗುಡ್ಡೆ ಮಾಡಲು ಕಾಲು ಗಂಟೆ ಸಾಕು. ಅಂಕ ಕೊಡಬೇಕಾಗಿಲ್ಲ, ಕೂಡಬೇಕಾಗಿಲ್ಲ, ಎಲ್ಲಿಯೂ ತುಂಬಬೇಕಾಗಿಲ್ಲ. ಉಪಾಧ್ಯಾಯರ ವೇಳೆಯನ್ನು ಈಗ ತಿನ್ನುತ್ತಿರುವುದು ದಾಖಲೆಯೇ ಹೊರತು ಪರಿಶೀಲನೆಯಲ್ಲ.

ಪಠ್ಯವಸ್ತುವನ್ನು ಮುಗಿಸಬೇಕಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಆಕ್ಷೇಪ, ಇದನ್ನು ಲಘುವಾಗಿ ತಳ್ಳಿಹಾಕಲಾಗದು. ನಿನ್ನೆಯ ಪಾಠವನ್ನು ಬೇರೆ ರೀತಿಯಲ್ಲಿ ಇಂದು ಮತ್ತೆ ಕಲಿಸಿದರೆ ಇಂದಿನ ಪಾಠ ನಾಳೆಗೆ ಸರಿಯುತ್ತದೆ. ಆದ್ದರಿಂದ ರೂಪಣಾತ್ಮಕ ಮೌಲ್ಯಮಾಪನವನ್ನು ವಿಧಿಸುವ ಅಧಿಕಾರವು ಅದರ ಬೆಲೆಯನ್ನೂ ತೆರಬೇಕು. ಪಠ್ಯಕ್ರಮವನ್ನು ರಚಿಸುವವರು ವಾರಕ್ಕೆ ಒಂದೆರಡು ಅವಧಿಗಳನ್ನು ಯಾವ ಹೊಸ ಪಾಠವೂ ಇಲ್ಲದಂತೆ, ಕಂಡ ದೋಷವನ್ನು ತಿದ್ದುವುದಕ್ಕೆಂದೇ ಖಾಲಿ ಬಿಡಬೇಕು. ಇಂತಹ ಬಿಡುವನ್ನು ಕೊಡದೆ ತಿದ್ದಿರಿ ಎಂದು ಆಜ್ಞಾಪಿಸುವುದು, ಉರಿಯನ್ನು ಬದಲಿಸಲು ಬಿಡದೆ ಅಗುಳನ್ನು ಮಾತ್ರ ಹಿಸುಕಿಸಿದಂತೆ.

ಈ ಮಾತು ಪ್ರಾಥಮಿಕ ಶಾಲೆಗಳಿಗಷ್ಟೇ ಅನ್ವಯಿಸತಕ್ಕದ್ದೆಂದು ಕಾಲೇಜಿನ ಅಧ್ಯಾಪಕರು ಸಮಾಧಾನ ಪಡುವಂತಿಲ್ಲ. ನಮ್ಮ ಕಾಲೇಜುಗಳ ಕಿರುಪರೀಕ್ಷೆಗಳೂ ನಿಯೋಜಿತ ಪ್ರಬಂಧಗಳೂ ಆಂತರಿಕ ಅಂಕಗಳಾಗಿ ಪಟ್ಟಿಯನ್ನು ಸೇರುತ್ತವೆ. ಪ್ರಬಂಧವನ್ನು ಓದಿ ಮುಂದಿನ ವಾರದ ಉಪನ್ಯಾಸವನ್ನು ಬದಲಿಸಿದ ಪ್ರಸಂಗಗಳು ವಿರಳ. ವಿದ್ಯಾರ್ಥಿಗಳೂ ತಮಗೆ ಮರಳಿ ಬಂದ ಉತ್ತರಪತ್ರಿಕೆಯ ಮೊದಲ ಪುಟವನ್ನು ನೋಡಿ ಮಡಿಸಿಡುತ್ತಾರೆ. ನಾಳೆ ದೇವರಗುಡ್ಡಕ್ಕೋ ಬ್ಯಾಡಗಿಗೋ ಉಪಾಧ್ಯಾಯರಾಗಿ ಹೋಗತಕ್ಕವರು ಇಂದು ನಮ್ಮ ಮುಂದೆ ಕುಳಿತಿರುವ ಈ ವಿದ್ಯಾರ್ಥಿಗಳೇ. ತಮ್ಮ ತಪ್ಪನ್ನು ಯಾರೂ ತಿರುವಿ ನೋಡಿದುದನ್ನು ಕಾಣದವರು ಇನ್ನೊಬ್ಬರ ತಪ್ಪನ್ನು ತಿರುವಿ ನೋಡುವ ವಿದ್ಯೆಯನ್ನು ಎಲ್ಲಿಂದ ಕಲಿತಾರು?

ಆದುದರಿಂದ ಯಾವುದೇ ಮೌಲ್ಯಮಾಪನ ಯೋಜನೆಯನ್ನು ವಿಮರ್ಶಿಸುವಾಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಇದರ ಪ್ರಶ್ನೆಗಳು ಒಂದು ದೋಷವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುತ್ತವೆಯೇ? ಇದರಿಂದ ತಿಳಿದುದನ್ನು ಬಳಸಲು ಉಪಾಧ್ಯಾಯರಿಗೆ ವೇಳೆಯನ್ನು ಕೊಡಲಾಗಿದೆಯೇ? ತನಗೆ ತಿಳಿಯದೆಂದು ಹೇಳಿದ ವಿದ್ಯಾರ್ಥಿಗೆ ಇದರಿಂದ ನಷ್ಟವಾಗುವುದಿಲ್ಲವೇ? ಈ ಮೂರಕ್ಕೂ ಹೌದೆಂಬ ಉತ್ತರ ಬಾರದಿದ್ದರೆ ಆ ಯೋಜನೆಗೆ ಪರೀಕ್ಷೆಯೆಂಬ ಹಳೆಯ ಹೆಸರೇ ಇರಲಿ. ಹೌದೆಂದು ಬಂದರೆ, ಅದಕ್ಕೆ ಯಾವ ಹೆಸರನ್ನಿಟ್ಟರೂ ಬಾಧಕವಿಲ್ಲ. 35 ಎಂದು ಬರೆದ ಆ ಇಬ್ಬರು ಮಕ್ಕಳಿಗೆ ಮರುದಿನ ಎರಡು ಬೇರೆ ಬೇರೆ ಪಾಠಗಳು ದೊರೆಯುತ್ತವೆ.